ತೊರಗಲ್ಲಿನ ಮಳೆಯಲ್ಲಿ ನಮ್ಮ ಅಕ್ಕೋರು

ಕಳೆದ ತಿಂಗಳು, ರೈತರ ಶೇಂಗಾ ಮಾರಿಕೊಡುತ್ತಿದ್ದ ಅಪ್ಪನ ಹಳೆಯ ಅಡತಿ ಅಂಗಡಿಯ ಗೋದಾಮು ಖಾಲಿ ಮಾಡಿಸುವಾಗ ಮೂಲೆಯಲ್ಲಿ ಮಡಚಿಟ್ಟ ಒಂದು ತಾಡಪತ್ರಿ ಸಿಕ್ಕಿತು. ಈಗಿನ ನೀಲಿ ಪ್ಲಾಸ್ಟಿಕ್ಕಿನದಲ್ಲ, ಹಿಂದಿನ ಕಾಲದ ಮೇಣ ಹಾಕಿದ ದಪ್ಪ ಬಟ್ಟೆಯದು. ಹಮಾಲ ಅದನ್ನು ಬಿಚ್ಚಿ ಕೊಡವಿದಾಗ ಶೇಂಗಾದ ಹೊಟ್ಟು, ಎಣ್ಣೆ, ಎಂದೋ ನೆಂದು ಒಣಗಿದ ಮುಗ್ಗಲು ಎಲ್ಲ ಕೂಡಿದ ಒಂದು ವಾಸನೆ ಎದ್ದಿತು. ಅವನು ಸೀನಿದ. ನಾನು ನಿಂತಲ್ಲೇ ನಿಂತೆ... ಅಂಥದೊಂದು ವಾಸನೆಯ ಕೆಳಗೆ ನಾನೊಮ್ಮೆ ಮಲಗಿದ್ದೆ. ಹಾಗೆ ಮಲಗುವ ಧೈರ್ಯ ಕೊಟ್ಟವರು ಶಾಲೆಯಲ್ಲಿ ಆಟ-ಕವಾಯತು ಕಲಿಸುತ್ತಿದ್ದ ನಮ್ಮ ಪಿ.ಟಿ. ಅಕ್ಕೋರು.

ತೊಂಬತ್ತರ ದಶಕದ ಕೊನೆಯ ಮಾತು. ರಾಮದುರ್ಗದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಕ್ಕೋರು ಮುರಗೋಡದವರು. ಎತ್ತರದ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ ಪೇಟೆಯಲ್ಲಿ ನಡೆದರೆ ಅಂಗಡಿಕಾರರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಅದು ಅವರ ಗಮನಕ್ಕೆ ಬರುತ್ತಿತ್ತೋ ಇಲ್ಲವೋ... ಬಂದಂತೆ ತೋರಿಸಿಕೊಂಡವರಲ್ಲ. ಗಂಡುಹುಡುಗರ ಶಾಲೆಯವರು ವರ್ಷವರ್ಷ ಕ್ಯಾಂಪಿಗೆ ಹೋಗುತ್ತಿದ್ದರು, ನಮಗೆ ಅದಿರಲಿಲ್ಲ. ಆ ವರ್ಷ ದಸರಾ ರಜೆಯಲ್ಲಿ ನಮ್ಮನ್ನೂ ತೊರಗಲ್ ಕೋಟೆಯ ಬದಿಯ ಬಯಲಿಗೆ ಕರೆದೊಯ್ಯುತ್ತೇನೆಂದು ಅಕ್ಕೋರು ಹಟ ಹಿಡಿದರು. ಶಾಲೆಯಲ್ಲಿ ಡೇರೆಗಳಿಲ್ಲ. ತಾಡಪತ್ರಿ ಕೇಳಲು ಅಪ್ಪನ ಅಂಗಡಿಗೆ ಬಂದರು.

"ತಾಡಪತ್ರಿ ಎಷ್ಟ ಬೇಕ ಅಷ್ಟ ಒಯ್ರಿ ಅಕ್ಕೋರ. ಹುಡುಗೀನ ಕಳಸೂದಿಲ್ಲ," ಎಂದ ಅಪ್ಪ.

ಅಕ್ಕೋರು ಬಾಕಿನ ಮೇಲೆ ಕುಳಿತು ನೀರು ಕುಡಿದರು. "ಬರೇ ತಾಡಪತ್ರಿ ಒಯ್ದು ನಾ ಏನ ಮಾಡ್ಲಿರಿ ಸಾವಕಾರ್ರ? ಅದರ ಕೆಳಗ ಮಲಗಾಕ ಹುಡುಗ್ಯಾರು ಬೇಕಲ್ರಿ."

ಅಪ್ಪನಿಗೆ ನಗೆ ಬಂತು, ಮನಸ್ಸು ಬರಲಿಲ್ಲ. ಹಿಂಗಾರಿ ಮಳೆಯ ದಿನಗಳು, ಬಯಲು ಜಾಗ, ವಯಸ್ಸಿಗೆ ಬಂದ ಹುಡುಗಿಯರು ಎಂದೆಲ್ಲ ಹೇಳಿದ. ಕೊನೆಗೆ ಅಕ್ಕೋರೇ ಒಂದು ಕರಾರು ಮಾಡಿದರು. ಎರಡನೆಯ ದಿನ ಅಪ್ಪ ಟೆಂಪೋ ತಂದು ಕಣ್ಣಾರೆ ನೋಡಬೇಕು. ಸರಿಬರದಿದ್ದರೆ ನನ್ನನ್ನಷ್ಟೇ ಅಲ್ಲ, ಎಲ್ಲ ಹುಡುಗಿಯರನ್ನೂ ಊರಿಗೆ ತರಬೇಕು. ಆಮೇಲೆ ತಾವು ಕ್ಯಾಂಪಿನ ಸುದ್ದಿ ಎತ್ತುವುದಿಲ್ಲ. ಅಪ್ಪ ಒಪ್ಪಿದ. ಅವನು ಒಪ್ಪಿದನೆಂದು ಉಳಿದ ಮನೆಯವರೂ ಒಪ್ಪಿದರು.

ತೊರಗಲ್ಲಿನಲ್ಲಿ ಜಾಗ ಆರಿಸಲು ಅಕ್ಕೋರು ಬಯಲನ್ನೆಲ್ಲ ಅಡ್ಡಾಡಿದರು. ಗಿಡದ ಕೆಳಗೆ ಬೇಡ, ಸಿಡಿಲಿನ ಭಯ. ತಗ್ಗಿನಲ್ಲೂ ಬೇಡ, ನೀರು ನುಗ್ಗುತ್ತದೆ. ಹಿಂಗಾರಿ ಮಳೆ ಮೂಡಣದಿಂದ ಬರುವುದರಿಂದ, ಗಳದ ಮೇಲೆ ಹಾಕಿದ ತಾಡಪತ್ರಿಯ ಆ ಕಡೆಯ ಅಂಚನ್ನು ನೆಲಕ್ಕೆ ಇಳಿಸಿ, ಪಡುವಣಕ್ಕೆ ಬಾಯಿ ಬಿಡಿಸಿದರು. ಹಗ್ಗದ ತೂತು ಹರಿದಿದ್ದ ಮೂಲೆಯಲ್ಲಿ ಒಂದು ಹರಳುಕಲ್ಲನ್ನು ಬಟ್ಟೆಯೊಳಗೆ ಸುತ್ತಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯುವುದನ್ನು ಕಲಿಸಿದರು. ಬಿಸಿಲೇರಿದರೆ ಎರಡೂ ಅಂಚು ಎತ್ತಿ ಗಾಳಿ ಆಡಿಸುವುದು, ಮೋಡ ಕಂಡರೆ ಇಳಿಸುವುದು. ಆ ದಿನ ಎಷ್ಟು ಸಲ ಎತ್ತಿ ಇಳಿಸಿದೆವೋ! ಅಕ್ಕೋರು ತಾವೊಂದು ಗಂಟನ್ನೂ ಹಾಕಲಿಲ್ಲ. ನಾವು ತಪ್ಪು ಕಟ್ಟಿದರೆ ಮಾತಿಲ್ಲದೆ ಬಿಚ್ಚಿ, ಹಗ್ಗವನ್ನು ಮತ್ತೆ ನಮ್ಮ ಕೈಗೇ ಕೊಡುತ್ತಿದ್ದರು.

ಮರುದಿನ ಮಧ್ಯಾಹ್ನ ಅಪ್ಪನ ಟೆಂಪೋ ಬಂತು. ಅವನ ಜೊತೆ ಗೆಳತಿಯರ ತಂದೆಯಂದಿರು ಇಬ್ಬರು. ಅವರು ಇಳಿಯುವುದಕ್ಕೂ ಆಕಾಶ ಕಪ್ಪಾಗುವುದಕ್ಕೂ ಸರಿಹೋಯಿತು. ಮಳೆ ಮೂಡಣದಿಂದಲೇ ಹೊಡೆಯಿತು. ಗಂಡಸರು ತಲೆ ಬಗ್ಗಿಸಿ ನಮ್ಮ ಡೇರೆಯೊಳಗೆ ಬಂದು ಕುಳಿತರು. ಒಳಗೆ ಒಂದು ಹನಿಯೂ ಇರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗುತ್ತಿರುವಾಗಲೇ ಗಾಳಿ ತಿರುಗಿತು. ಪಡುವಣದಿಂದ ನೇರ ಡೇರೆಯ ಬಾಯಿಗೇ ನುಗ್ಗಿತು. ತಾಡಪತ್ರಿ ಉಬ್ಬಿತು, ಒಂದು ಗೂಟ ಕಿತ್ತು ಹಾರಿತು, ಗಳ ಬಿತ್ತು.

ಅಪ್ಪ ಎದ್ದು ನಿಂತ. "ಸಾಕ ಮಾಡ್ರಿ ಅಕ್ಕೋರ. ಹುಡುಗ್ಯಾರನ್ನ ಟೆಂಪೋ ಹತ್ತಸ್ರಿ."

ಅಷ್ಟರಲ್ಲಿ ಅಕ್ಕೋರು ಹೊರಗಿದ್ದರು. ಬಡಿದಾಡುತ್ತಿದ್ದ ಮೂಲೆಯ ಹಗ್ಗವನ್ನು ಹಿಡಿದು ಮುಂಗೈಗೆ ಸುತ್ತಿಕೊಂಡಿದ್ದರು. "ನೀವು ಕುಂದರ್ರಿ ಸಾವಕಾರ್ರ. ಹುಡುಗ್ಯಾರು ಮಾಡತಾರ," ಎಂದರು. ಆಮೇಲೆ ನಮ್ಮತ್ತ ತಿರುಗಿ ಒಂದೇ ಮಾತು: "ಹೊಳ್ಳಸ್ರೆವಾ."

ಡೇರೆಯನ್ನು ಹೊರಳಿಸಬೇಕು, ಅಷ್ಟೇ. ಬೇರೇನೂ ಹೇಳುವ ಅಗತ್ಯ ಇರಲಿಲ್ಲ. ಕೆಲವರು ಮೂಡಣದ ಅಂಚು ಬಿಚ್ಚಿ ಮೇಲೆತ್ತಿದೆವು, ಉಳಿದವರು ಪಡುವಣದ್ದನ್ನು ನೆಲಕ್ಕೆಳೆದು ಕಲ್ಲು ಹೇರಿದರು. ಕೋಟೆಯ ಮೇಲೆ ಗುಡುಗು ಒಡೆಯುತ್ತಿತ್ತು. ಅಕ್ಕೋರು ಹಿಡಿದ ಮೂಲೆ ಬಿಡಲಿಲ್ಲ. ಕೊನೆಗೆ ಅದನ್ನು ಗೂಟಕ್ಕೆ ಕಟ್ಟಿದವಳು ನಾನು. ಅವರ ಮುಂಗೈಯಲ್ಲಿ ಹಗ್ಗ ಕೊರೆದು ರಕ್ತ ಒಸರಿತ್ತು. ನನ್ನ ಗಂಟನ್ನು ಒಮ್ಮೆ ಜಗ್ಗಿ ನೋಡಿ, ತಲೆಯಾಡಿಸಿ ಒಳಗೆ ಬಂದರು.

ಹಾಸಿಗೆಗಳ ಒಂದು ತುದಿ ತೊಯ್ದಿತ್ತು, ನಿಜ. ಯಾರೂ ಅಳಲಿಲ್ಲ. ಮಳೆ ನಿಂತ ಮೇಲೆ ಅಪ್ಪ ಡೇರೆಯ ಸುತ್ತ ಒಂದು ಸುತ್ತು ಹಾಕಿ, ನಾನು ಕಟ್ಟಿದ ಗೂಟವನ್ನು ಕಾಲಿನಿಂದ ಒತ್ತಿ ನೋಡಿದ. "ನಾಳಿ ಟೆಂಪೋ ಎಷ್ಟೊತ್ತಿಗಿ ಕಳಸ್ಲಿರಿ?" ಎಂದು ಕೇಳಿ, ಖಾಲಿ ಗಾಡಿಯಲ್ಲಿ ಊರಿಗೆ ಹೋದ. ಮುಂದಿನ ವರ್ಷ ತಂಗಿಯ ಹೆಸರನ್ನು ತಾನೇ ಹೋಗಿ ಕೊಟ್ಟು ಬಂದ. ಅಕ್ಕೋರಿಗೆ ಸವದತ್ತಿಯ ಕಡೆ ವರ್ಗವಾಗುವವರೆಗೂ ಕ್ಯಾಂಪು ತಪ್ಪಲಿಲ್ಲ. ನಾನು ಓದಿಗೆಂದು ಧಾರವಾಡಕ್ಕೆ ಹೋದೆ, ನೌಕರಿ, ಸಂಸಾರ... ನೋಡಬೇಕು ನೋಡಬೇಕು ಅನ್ನುತ್ತಲೇ ವರ್ಷಗಳು ಹೋದವು.

ತಾಡಪತ್ರಿ ಸಿಕ್ಕ ಮರುವಾರ ಮುರಗೋಡಕ್ಕೆ, ಅಕ್ಕೋರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಅಣ್ಣನ ಹೆಂಡತಿ. ಅಕ್ಕೋರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅತ್ತಿಗೆ ಒಳಗೆ ಕರೆದು ಕೂಡಿಸಿದರು, ಚಹಾ ಕೊಟ್ಟರು. ಅಕ್ಕೋರಿಗೆ ಹೇಳಬೇಕೆಂದು ಹೊತ್ತು ತಂದದ್ದನ್ನೆಲ್ಲ ಅವರಿಗೇ ಹೇಳಿದೆ. ಬೇರೆ ಯಾರದೋ ಕಥೆಯೆಂಬಂತೆ ಕೇಳಿದರು. ಮನೆಯಲ್ಲಿ ಅಕ್ಕೋರು ಇದನ್ನೆಂದೂ ಹೇಳಿರಲಿಲ್ಲ.

"ಅಂಥಾ ಗುಡುಗಿನ್ಯಾಗ ಹೊರಗ ನಿಂತಿದ್ರೇನ್ರಿ?" ಎಂದು ಕೇಳಿದರು. "ಗುಡುಗಂದ್ರ ಭಾಳ ಅಂಜತಿದ್ರು ಅವರು. ಮೋಡ ಕವೀತಂದ್ರ ಬಂದು ನನ್ನ ಕೈ ಹಿಡಕೊಂಡ ಕುಂದರತಿದ್ರು."

ಇದನ್ನು ತಿಳಿದ ಮೇಲೆ ಅಕ್ಕೋರ ಎದುರು ಒಮ್ಮೆ ನಿಲ್ಲಬೇಕೆಂದರೆ ಅವರಿಲ್ಲ. ಆ ಮಧ್ಯಾಹ್ನ ಬಯಲಿನಲ್ಲಿ ಅವರಿಗೆ ಹಿಡಿದುಕೊಳ್ಳಲು ಇದ್ದದ್ದು ಒಂದು ಹಗ್ಗ ಮಾತ್ರ.