ಎದೆಹಾಲಿನ ಹರಕೆ

ಕೊರೋನಾ ಮಾಸ್ಕುಗಳು ಜನರ ಮುಖದಿಂದ ಇಳಿದ ವರ್ಷ ನಾನು ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯನಾಗಿದ್ದೆ. ಆ ಬೆಳಿಗ್ಗೆ ಹೆರಿಗೆ ಕೋಣೆಯ ಕಿಟಕಿಯಾಚೆ ಮಂಜು ಕವಿದಿತ್ತು ಎಂದು ನನ್ನ ನೆನಪು. ಆದರೆ ಫ್ಯಾನ್ ತಿರುಗುತ್ತಿದ್ದುದೂ, ನರ್ಸ್ ಸೆರಗಿನಿಂದ ಬೆವರು ಒರೆಸಿಕೊಂಡದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಿರಲಾರವು. ಮಂಜನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಬೇಡವೆಂದರೂ ಅದು ಚದುರುವುದಿಲ್ಲ.

ಶಶಿಕಲ (ನಿಜವಾದ ಹೆಸರಲ್ಲ) ಬಂದದ್ದು ರೈಲ್ವೆ ಪ್ಲಾಟ್‌ಫಾರ್ಮಿನಿಂದ. ಆಂಡರ್ಸನ್‌ಪೇಟೆಯ ಸೊಸೆ; ದಿನವೂ ರೈಲಿನಲ್ಲಿ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಇನ್ನೂ ತಿಂಗಳಿದೆ ಎಂದುಕೊಂಡಿದ್ದವಳಿಗೆ ಬೆಂಚಿನ ಮೇಲೆ ಕೂತಿದ್ದಾಗಲೇ ನೋವು ಬಂದಿತ್ತು. ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಅವಳ ಬಳಿ ಇರಲಿಲ್ಲ. ತವರಿನಲ್ಲಿ ಮಾಡಿಸಿದ್ದಾರೆಂದು ಗಂಡನ ಮನೆಯವರು, ಗಂಡನ ಮನೆಯಲ್ಲಿ ಮಾಡಿಸಿದ್ದಾರೆಂದು ತವರಿನವರು ತಿಳಿದಿದ್ದರು. ತಪಾಸಣೆಯ ದಿನಗಳಲ್ಲೆಲ್ಲ ಅವಳು ರೈಲಿನಲ್ಲಿದ್ದಳು. ಅಷ್ಟೂ ತಿಂಗಳಲ್ಲಿ ಯಾರೂ ಅವಳ ರಕ್ತ ನೋಡಿರಲಿಲ್ಲ.

ಹೀಗೆ ಬರುವ ತಾಯಂದಿರಿಗೆ ಬೆರಳು ಚುಚ್ಚಿ ಎಚ್‌ಐವಿ ರ‍್ಯಾಪಿಡ್ ಟೆಸ್ಟ್ ಮಾಡುತ್ತೇವೆ. ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತು, ಸೋಂಕಿದೆ ಎಂಬ ಗುರುತು. ಹೆರಿಗೆಗೆ ಮೊದಲೇ ಅವಳಿಗೆ ಮಾತ್ರೆ ಶುರುಮಾಡಿದೆವು. ಹೆಣ್ಣುಮಗು ಹುಟ್ಟಿದ ಕೂಡಲೇ ಅದಕ್ಕೆ ವೈರಸ್ ತಡೆಯುವ ಸಿರಪ್‌ಗಳನ್ನು ಕೊಟ್ಟೆವು. ಆಮೇಲಿನ ಪರೀಕ್ಷೆಗಳೂ ತಾಯಿಯ ಸೋಂಕನ್ನು ಖಚಿತಪಡಿಸಿದವು. ಇಂಥ ಮಗುವನ್ನು ನಾವು ‘ಎಕ್ಸ್‌ಪೋಸ್ಡ್ ಬೇಬಿ’ ಎನ್ನುತ್ತೇವೆ. ಸೋಂಕು ತಗಲಿದೆ ಎಂದಲ್ಲ, ತಗಲಬಹುದಾದ ದಾರಿಯಲ್ಲಿದೆ ಎಂದರ್ಥ.

ಆ ಸಂಜೆ ಪಕ್ಕದಲ್ಲಿ ಯಾರೂ ಇಲ್ಲದಾಗ ಶಶಿಕಲಳಿಗೆ ಎಲ್ಲ ಹೇಳಿದೆ. ಮಾತ್ರೆ ತಪ್ಪಿಸಬಾರದು. ಎದೆಹಾಲು ಕೊಡಬಹುದು, ಆದರೆ ಆರು ತಿಂಗಳು ಅದೊಂದೇ. ಮಧ್ಯೆ ಬೇರೆ ಹಾಲು, ಜೇನು, ಸಕ್ಕರೆ ನೀರು ಸೇರಿದರೆ ಮಗುವಿನ ಎಳೆಗರುಳಿನ ಒಳಪದರ ಕೆಡುತ್ತದೆ, ವೈರಸ್ಸಿಗೆ ಬಾಗಿಲು ತೆರೆದಂತಾಗುತ್ತದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಅತ್ತೆಗೆ ಏಳ್ಬ್ಯಾಡಿ ಸಾರ್. ಮನೆಯಿಂದ ಆಚೆಗೆ ಆಕ್ತಾರೆ.”

“ಹೇಳಲ್ಲಮ್ಮ. ನಿನ್ನ ಗಂಡ ಮಾತ್ರ ಪರೀಕ್ಷೆಗೆ ಬರಬೇಕು.”

“ಅವ್ರಿಗೆ ನಾನೇ ಏಳ್ತೀನಿ.”

ಆಮೇಲೆ ನಾವಿಬ್ಬರೂ ಇನ್ನೂ ಏನೋ ಮಾತಾಡಿದೆವು. ಅದು ನನಗೆ ನೆನಪಿಲ್ಲ.

ಮರುದಿನ ಆಸ್ಪತ್ರೆ ಗೇಟಿನ ಬಳಿ ಒಂದು ಕತ್ತೆ ನಿಂತಿತ್ತು. ಬೂದುಬಣ್ಣದ್ದು, ಕೊರಳಲ್ಲಿ ಗಂಟೆ. ಕನಸಿನೊಳಗಿಂದ ನಡೆದು ಬಂದು, ಮುಂದೆಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಂತಿತ್ತು. ಈ ಕಡೆ ಹುಟ್ಟಿದ ಮಗುವಿಗೆ ಕತ್ತೆ ಹಾಲು ಹಾಕುವ ರೂಢಿಯುಂಟು. ಮಾತು ಸ್ಪಷ್ಟವಾಗುತ್ತದೆ, ಕಫ ಕಟ್ಟುವುದಿಲ್ಲ ಎಂಬ ನಂಬಿಕೆ. ಶಶಿಕಲಳ ಅತ್ತೆ ಮುನಿಯಮ್ಮ ಕತ್ತೆಯವನನ್ನು ಇಲ್ಲಿಗೇ ಕರೆಸಿದ್ದರು. ನಾನು ವಾರ್ಡಿಗೆ ಓಡಿದಾಗ ಅವರ ಕೈಯಲ್ಲಿ ಹಾಲು ತುಂಬಿದ ಒಳಲೆಯಿತ್ತು, ತೊಡೆಯ ಮೇಲೆ ಮಗು.

“ತಡೀರಮ್ಮ, ಹಾಕಬೇಡಿ.”

“ಯಾಕ್ ಸಾಮಿ? ನಿಮ್ಮವ್ವ ನಿಮ್ಗೆ ಕುಡ್ಸಿರ್ಲಿಲ್ವಾ? ಅದುಕ್ಕೇ ನಿಮ್ ಮಾತು ಅರ್ಧ ನಮ್ಗೆ ತಿಳ್ಯಾಕಿಲ್ಲ.”

ಪಕ್ಕದ ಹಾಸಿಗೆಯ ಬಾಣಂತಿ ನಕ್ಕಳು. ನಾನು ಕರುಳು, ಸೋಂಕು ಎಂದು ಏನೇನೋ ವಿವರಿಸಿದೆ. ಒಳಲೆ ಕೆಳಗಿಳಿಯಲಿಲ್ಲ. “ಮೂರು ಮಕ್ಳಿಗೆ ಆಕಿವ್ನಿ, ಮೂರೂ ಬದುಕವೆ,” ಎಂದು ಅವರು ಮಗುವಿನ ತುಟಿ ಬಿಡಿಸತೊಡಗಿದರು. ನಿಜವಾದ ಕಾರಣವನ್ನು ನಾನು ಆಡುವಂತಿರಲಿಲ್ಲ.

ಆಗ ಶಶಿಕಲ ಎದ್ದು ಕುಳಿತಳು. “ಅತ್ತೆ, ಗಂಗಮ್ಮಂಗೆ ಅರಕೆ ಒತ್ಕಂಡಿವ್ನಿ. ಆರು ತಿಂಗ್ಳು ಪಾಪುಗೆ ನನ್ ಹಾಲು, ಡಾಕ್ಟ್ರು ಕೊಡೋ ಔಸ್ದಿ ಬಿಟ್ರೆ ಬ್ಯಾರೆ ಏನೂ ಬಾಯ್ಗಾಕಾಕಿಲ್ಲ ಅಂತ.”

ಒಳಲೆ ಗಾಳಿಯಲ್ಲೇ ನಿಂತಿತು. “ಅಯ್ಯೋ ನಿನ್ನ! ಮೊದ್ಲೇ ಏಳ್ಬಾರ್ದಾ?” ಮುನಿಯಮ್ಮ ನನ್ನ ಕಡೆ ತಿರುಗಿದರು. “ಓದ್ದೋರು ನೀವೇ ಏಳಿ ಸಾಮಿ. ಗಂಗಮ್ಮನ ಅರಕೆ ಮುರೀಬೋದಾ?”

ಕಾಲೇಜಿನ ದಿನಗಳಿಂದಲೂ ನಾನು ದೇವರೆದುರು ಕೈ ಮುಗಿದವನಲ್ಲ. “ಮುರೀಬಾರದಮ್ಮ,” ಎಂದೆ.

ಬಾಗಿಲ ಬಳಿ ಕತ್ತೆಯವನು ರೇಗಿದ. “ಕರ್ಸೋರೂ ನೀವೇ, ಬ್ಯಾಡ ಅನ್ನೋರೂ ನೀವೇ. ನನ್ ಕತ್ತೆಗೇನ್ ಮರ್ವಾದೆ ಇಲ್ವಾ?”

“ಸುಮ್ಕಿರ್ಲಾ, ಚೆಲ್ಲಾಕೈತದಾ?” ಎಂದು ಮುನಿಯಮ್ಮ ಒಳಲೆಯನ್ನು ಎತ್ತಿ ತಾವೇ ಕುಡಿದುಬಿಟ್ಟರು. “ಈಗ್ಲಾದ್ರೂ ನನ್ ಮಾತು ಸರಿಯಾಗ್ಲಿ!”

ಅಂದಿನಿಂದ ಆ ಮನೆಗೆ ಮುನಿಯಮ್ಮನೇ ಕಾವಲು. ನೋಡಲು ಬಂದ ನೆಂಟರು ಜೇನು ನೆಕ್ಕಿಸಲು ಬೆರಳು ಚಾಚಿದರೆ ಗದರಿಸಿ ಕಳಿಸುತ್ತಿದ್ದರಂತೆ. ಸಿರಪ್ಪೂ ಹರಕೆಗೇ ಸೇರಿದ್ದೆಂದು ತಪ್ಪದೆ ಹಾಕಿಸುತ್ತಿದ್ದರು. ಗಂಡನೂ ಪರೀಕ್ಷೆಗೆ ಬಂದ. ಅವನಿಗೂ ಸೋಂಕಿತ್ತು, ಅವನ ಚಿಕಿತ್ಸೆಯೂ ಶುರುವಾಯಿತು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಸಾಮಾನ್ಯ ಪರೀಕ್ಷೆ ಎಳೆಮಗುವಿನಲ್ಲಿ ಏನನ್ನೂ ಹೇಳದು. ಆರು ವಾರಕ್ಕೆ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿದೆವು. ನೆಗೆಟಿವ್ ಬಂತು. ಆದರೆ ಎದೆಹಾಲು ನಡೆಯುತ್ತಿರುವಷ್ಟು ದಿನ ಭಯವೂ ಇರುತ್ತದೆ. ಆ ತಿಂಗಳುಗಳು ನನಗೆ ನೀರಿನಡಿ ನಡೆದಂತೆ ಉಳಿದಿವೆ, ಶಬ್ದವಿಲ್ಲದೆ.

ಹದಿನೆಂಟು ತಿಂಗಳಿಗೆ, ಹಾಲು ಬಿಡಿಸಿದ ಮೇಲೆ, ಕೊನೆಯ ಪರೀಕ್ಷೆ. ಅದೂ ನೆಗೆಟಿವ್. ಶಶಿಕಲಳನ್ನು ಒಳಗೆ ಕರೆದು ಹೇಳಿದೆ. ಹೊರಗೆ ಮುನಿಯಮ್ಮ ಮೊಮ್ಮಗಳ ಹಿಂದೆ ಓಡುತ್ತ ತೆಲುಗು, ತಮಿಳು, ಕನ್ನಡ ಮೂರರಲ್ಲೂ ಬೈಯುತ್ತಿದ್ದರು. ಶಶಿಕಲ ಅಳಲಿಲ್ಲ. ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು.

“ಅವತ್ತು ಒಳ್ಳೆ ಉಪಾಯ ಹೂಡಿದೆಯಮ್ಮ,” ಎಂದೆ.

ಅವಳು ತಲೆಯೆತ್ತಿದಳು. “ನಾನಾ? ಅದ್ರ ಮುಂಚಿನ್ ದಿನ ಸಾಯಂಕಾಲ ನೀವೇ ಕೇಳಿದ್ರಲ್ಲ ಸಾರ್, ನಿಮ್ಮತ್ತೆ ಯಾರ್ ಮಾತು ಮೀರಲ್ಲ ಅಂತ. ಗಂಗಮ್ಮಂದು ಅಂದೆ. ಆಮೇಲೆ ರಾತ್ರಿ ನಿಜ್ವಾಗ್ಲೂ ಅರಕೆ ಒತ್ಕಂಡೆ. ಸುಳ್ಳಲ್ಲ ಸಾರ್.”

ಹಾಗೆ ಕೇಳಿದ್ದು ನನಗೆ ಇಂದಿಗೂ ನೆನಪಾಗುವುದಿಲ್ಲ. ಅವಳು ತನ್ನ ಉಪಾಯದ ಮರ್ಯಾದೆಯನ್ನು ನನಗೆ ಬಿಟ್ಟುಕೊಟ್ಟಳೋ, ಅಥವಾ ದೇವರ ಹೆಸರು ತೆಗೆಯುವಂತೆ ಮಾಡಿದವನು ನಾನೇ ಎಂಬುದನ್ನು ನನ್ನ ತಲೆ ಅಳಿಸಿಹಾಕಿತೋ, ಹೇಳಲಾರೆ. ಆದರೆ ಪ್ರಶ್ನೆ ಒಳ್ಳೆಯದು, ಯಾರದ್ದೇ ಆಗಲಿ. ಈಗ ಕಾರ್ಡಿಲ್ಲದ ತಾಯಿ ಹೆರಿಗೆಗೆ ಬಂದು ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿದರೆ, ಮಾತ್ರೆ ಕೊಟ್ಟ ಮೇಲೆ ನಾನು ಉಪದೇಶಕ್ಕೆ ಇಳಿಯುವುದಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೇಳುತ್ತೇನೆ: “ಮನೆಯಲ್ಲಿ ಮಗುವಿನ ಬಾಯಿಗೆ ಮೊದಲು ಹಾಕುವವರು ಯಾರಮ್ಮ? ಅವರು ಯಾರ ಮಾತು ಕೇಳುತ್ತಾರೆ?”