ಕೊಡಲಿಯಾದ ಬಲೆ

ಎಂ.ಎ. ಮುಗಿಸಿದ ವರ್ಷ ಮಣಿಪಾಲದ ಗ್ರಂಥಾಲಯದಲ್ಲಿ ಐಸ್‌ಲ್ಯಾಂಡ್ ಕಡೆಯ ಹಳೆಯ ಪುರಾಣಗಳನ್ನು ಓದುತ್ತ ನಾನೊಂದು ಕಾದಂಬರಿ ಬರೆಯತೊಡಗಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಮದ ನಾಡು, ಕಪ್ಪು ಸಮುದ್ರ, ಹಡಗು ಒಡೆದು ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು. ಅವಳಿಗೊಂದು ಮಾಯಾಯುಧ ಬೇಕಿತ್ತು. ಕತ್ತಿ, ಈಟಿ, ಸುತ್ತಿಗೆಗಳೆಲ್ಲ ಆ ಪುರಾಣದ ದೇವರುಗಳ ಕೈಯಲ್ಲಿ ಆಗಲೇ ಇದ್ದವು.

ಅದು ಸಿಕ್ಕಿದ್ದು ಕಾಪುವಿನ ಕಡಲ ತೀರದಲ್ಲಿ. ಮರಳಿನ ಮೇಲೆ ಹರಡಿದ್ದ ಬಲೆಯನ್ನು ದಾಟಲು ಕಾಲೆತ್ತಿದ್ದೆ. ಹರಿದಲ್ಲಿ ಹೆಣೆಯುತ್ತ ಕುಳಿತಿದ್ದ ಅಜ್ಜ ಗದರಿದರು.

"ಏ ತಂಗೀ, ದಾಟ್ಬೇಡ ಮಾರಾಯ್ತಿ! ಸುತ್ತು ಹಾಕಿ ಬಾ. ದಾಟಿದ್ರೆ ಬಲೆಗೆ ಮೀನು ಬೀಳುದಿಲ್ಲ."

ನನ್ನ ಕಾದಂಬರಿಯ ವಿಧವೆ ಬಲೆ ಹೆಣೆದಳು, ಕಡಲು ನುಂಗಿದವರ ಹೆಂಡಂದಿರ ಕೂದಲಿನಿಂದ. ಅದನ್ನು ದಾಟಿದವನಿಗೆ ಮತ್ತೆ ದಡ ಸಿಗದು. ಆದರೆ ಪ್ರತಿ ಸಲವೂ ಒಣಗಿಸಬೇಕು, ಹರಿದದ್ದನ್ನು ಅಂದೇ ಹೆಣೆಯಬೇಕು. ತಪ್ಪಿದರೆ ಅದು ಹೆಣೆದವಳನ್ನೇ ಸುತ್ತಿಕೊಳ್ಳುತ್ತದೆ. ಈ ನಿಯಮಗಳನ್ನು ಕೂಡಿಸಲು ನನಗೆ ಮೂರು ತಿಂಗಳು ಹಿಡಿಯಿತು.

ಉಡುಪಿಯ ಒಂದು ವಾರಪತ್ರಿಕೆ ಧಾರಾವಾಹಿಯಾಗಿ ಹಾಕಲು ಒಪ್ಪಿತು. ಮೊದಲ ಕಂತು ಬಂದಾಗ ಬಲೆ ಎಲ್ಲಿಯೂ ಇರಲಿಲ್ಲ. ನಾನು ಬಲೆ ಎಂದು ಬರೆದಲ್ಲೆಲ್ಲ ಕೊಡಲಿ ಕುಳಿತಿತ್ತು. ಉಳಿದದ್ದನ್ನು ಯಾರೂ ಮುಟ್ಟಿರಲಿಲ್ಲ. ಹಾಗಾಗಿ ನನ್ನ ನಾಯಕಿ ಕೊಡಲಿಯನ್ನು ಮರಳಿನ ಮೇಲೆ ಹರಡಿ ಒಣಗಿಸುತ್ತಿದ್ದಳು. ಸಂಜೆ ಕುಳಿತು ಹರಿದ ಕೊಡಲಿಯನ್ನು ಹೆಣೆಯುತ್ತಿದ್ದಳು.

ಸೋಮವಾರ ಬಸ್ಸು ಹತ್ತಿ ಪತ್ರಿಕೆಯ ಕಚೇರಿಗೆ ಹೋದೆ. ಸಂಪಾದಕರು ಚಹಾ ಕುಡಿಯುತ್ತಿದ್ದರು.

"ಬಲೆ ಹಿಡ್ಕೊಂಡು ಯಾರಾದ್ರೂ ಯುದ್ಧಕ್ಕೆ ಹೋಗುದುಂಟಾ ಅಮ್ಮಾ? ಮೀನು ಮಾರ್ಲಿಕ್ಕೆ ಹೊರಟ ಹಾಗೆ ಕಾಣ್ತದೆ."

"ಕೊಡಲಿಯನ್ನು ಒಣಗಿಸುವುದು ಹೇಗೆ ಸರ್?"

"ಮಾಯೆ ಅಲ್ವಾ? ಎಂತ ಬೇಕಾದ್ರೂ ಆಗ್ತದೆ." ಮೇಜಿನ ಮೇಲಿದ್ದ ಒಂದು ಕಾರ್ಡನ್ನು ನನ್ನತ್ತ ತಳ್ಳಿದರು. "ನೋಡಿ, ಕಾರ್ಕಳದಿಂದ ಒಬ್ಬ ಮಾಸ್ತರರು ಬರೆದಿದ್ದಾರೆ, ಕೊಡಲಿ ಲಾಯಕ್ ಉಂಟಂತೆ."

ಎಂತ ಬೇಕಾದರೂ ಆಗುವುದಾದರೆ ಅದು ಮಾಯೆಯೇ ಅಲ್ಲ, ಸೋಮಾರಿತನ. ಮೂರು ತಿಂಗಳು ನಾನು ತಲೆ ಕೆಡಿಸಿಕೊಂಡದ್ದು ಆ ಬಲೆಯಿಂದ ಏನೇನು ಆಗದು ಎಂಬುದಕ್ಕೆ. ಇದನ್ನು ಅವರಿಗೆ ಹೇಳಬೇಕಿತ್ತು. ತಿದ್ದುಪಡಿ ಹಾಕುತ್ತೀರಾ ಎಂದಷ್ಟೇ ಕೇಳಿದೆ.

"ಹಾಕಿದ್ರೆ ಜನ ನಗ್ತಾರೆ."

"ಈಗ ನಗುವುದಿಲ್ಲವೇ?"

ಉತ್ತರಕ್ಕೆ ಕಾಯದೆ ಮೇಜಿನ ಮೇಲಿದ್ದ ನನ್ನ ಹಸ್ತಪ್ರತಿಯ ಉಳಿದ ಹಾಳೆಗಳನ್ನು ಎತ್ತಿಕೊಂಡೆ.

"ಮುಂದಿನ ವಾರಕ್ಕೆ ಎಂತ ಹಾಕುದು?" ಎಂದು ಅವರು ಹಿಂದಿನಿಂದ ಕೂಗಿದರು.

"ಕೊಡಲಿ ನಿಮ್ಮದು. ಕಥೆಯನ್ನೂ ನೀವೇ ಬರೆದುಕೊಳ್ಳಿ."

ಅವರು ಬರೆದೇಬಿಟ್ಟರು. ಮುಂದಿನ ವಾರ ಅರ್ಧ ಪುಟ. ಎಲ್ಲಿಂದಲೋ ಒಬ್ಬ ರಾಜಕುಮಾರ ಬಂದು, ಅವಳ ಕೈಯಿಂದ ಕೊಡಲಿ ಇಸಿದುಕೊಂಡು ಶತ್ರುವನ್ನು ಕೊಂದು, ಅವಳನ್ನು ಮದುವೆಯಾದ. ಕೊನೆಯಲ್ಲಿ ‘ಮುಗಿಯಿತು’ ಎಂದಿತ್ತು. ಮೇಲೆ ನನ್ನ ಹೆಸರು, ಮೊದಲ ಕಂತಿಗಿಂತ ದೊಡ್ಡ ಅಕ್ಷರಗಳಲ್ಲಿ.