ಇಬ್ಬರು ಹೋದರೆ ಇಬ್ಬರು ಬರಬೇಕು

ಬೆಳಕು ಹರಿಯುವ ಮೊದಲು ಲೋಯಿಸಿ ಲಾಂಗರ್ ಮುಗಿಸಬೇಕಿದ್ದ ಕೆಲಸಗಳು: ಒಲೆಯ ಬೂದಿ ಬಾಚಿ ಹೊಸ ಬೆಂಕಿ ಹಚ್ಚುವುದು. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ತಿರುಗಿಸಿ, ಅವಳ ಉಚ್ಚೆಯ ಮಡಕೆ ಚೆಲ್ಲಿ ತೊಳೆದಿಡುವುದು. ಎರಡು ಮೇಕೆಗಳ ಹಾಲು ಕರೆಯುವುದು. ಹೆಬ್ಬಾತುಗಳಿಗೆ ಆಲೂಗೆಡ್ಡೆ ಸಿಪ್ಪೆ ಬೇಯಿಸಿ ತೌಡು ಕಲಸುವುದು. ಹಿಂದಿನ ಸಂಜೆ ನಾದಿಟ್ಟ ಹಿಟ್ಟನ್ನು ಗುದ್ದಿ ಬ್ರೆಡ್ಡಿನ ಬುಟ್ಟಿಗೆ ಹಾಕುವುದು. ಗಂಡ ಫ್ಲೋರಿಯಾನನ ಬೂಟಿನ ಕೆಸರು ಕೆರೆಯುವುದು. ಚಿಕೋರಿ ಕಾಫಿ ಕುದಿಯುವಷ್ಟರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಎಬ್ಬಿಸಿ ಜಡೆ ಹೆಣೆಯುವುದು.

ಆ ಹುಡುಗಿ ಅವಳ ಮಗಳಲ್ಲ.

ನಮ್ಮ ಜಿಲ್ಲೆಯಲ್ಲಿ ಅದೇನೂ ವಿಶೇಷವಾಗಿರಲಿಲ್ಲ. ಕೋರ್ಟಿನ ಬೋರ್ಡು ಎರಡು ಭಾಷೆಯದು, ಸಂತೆಯ ಕೂಗು ಎರಡು ಭಾಷೆಯದು. ಒಂದೇ ಭಾಷೆ ಬಲ್ಲವನು ಹಂದಿ ಮಾರಲು ಹೋಗಿ ಚರ್ಮ ಮಾತ್ರ ಹೊತ್ತು ಬರುತ್ತಾನೆ ಅನ್ನುತ್ತಿದ್ದರು. ಅದಕ್ಕೇ ಜರ್ಮನ್ ಮನೆಯ ಮಗು ಒಂದು ವರ್ಷ ಚೆಕ್ ಮನೆಗೆ, ಅಲ್ಲಿಯ ಮಗು ಇಲ್ಲಿಗೆ. ಒಂದೇ ಬೆಳಿಗ್ಗೆ ಎರಡೂ ಊರಿಂದ ಗಾಡಿಗಳು ಹೊರಟು ದಿಣ್ಣೆಯ ಮೇಲಿನ ಕಲ್ಲು ಶಿಲುಬೆಯ ಹತ್ತಿರ ಸೇರುತ್ತಿದ್ದವು. ಮಕ್ಕಳಿಬ್ಬರೂ ಒಟ್ಟಿಗೇ ಕೆಳಗೆ ಹಾರಬೇಕು, ಒಟ್ಟಿಗೇ ಬೇರೆ ಗಾಡಿ ಹತ್ತಬೇಕು. ಒಂದು ಮಗು ಮೊದಲು ಇಳಿಯಿತೋ, ಅಪಶಕುನ. ಯಾರೂ ಮೊದಲು ಬಿಟ್ಟುಕೊಡುತ್ತಿರಲಿಲ್ಲ.

ಲೋಯಿಸಿಯೂ ಹತ್ತನೆಯ ವರ್ಷದಲ್ಲಿ ಹಾಗೆಯೇ ದಿಣ್ಣೆಯಾಚೆಯ ಚೆಕ್ ಊರು ಓಲ್ಶಿನ್ಕಾಗೆ ಹೋಗಿದ್ದಳು. ಆ ವರ್ಷ ಅಲ್ಲಿಯ ಅಪೊಲೇನಾ ಇವಳ ಹಾಸಿಗೆಯಲ್ಲಿ ಮಲಗಿದಳು, ಇವಳ ತಾಯಿಯ ಪಾತ್ರೆ ಉಜ್ಜಿದಳು. ಶಿಲುಬೆಯ ಹತ್ತಿರ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮುಖ ನೋಡಿದ್ದಷ್ಟೆ. ಒಂದು ದಿನವೂ ಒಟ್ಟಿಗೆ ಇದ್ದವರಲ್ಲ. ಆದರೂ ದೊಡ್ಡವರಾಗಿ, ಇಬ್ಬರಿಗೂ ಹೆಣ್ಣು ಮಗು ಆದಮೇಲೆ, ಮಕ್ಕಳನ್ನು ಬದಲಾಯಿಸಿಕೊಳ್ಳಲು ಬೇರೆ ಮನೆ ಹುಡುಕಲಿಲ್ಲ. ೧೯೩೭ರ ಶರತ್ಕಾಲದಲ್ಲಿ ಲೋಯಿಸಿಯ ಎರ್ನಾ ಅಲ್ಲಿಗೆ ಹೋದಳು, ಅಪೊಲೇನಾಳ ವ್ಲಾಸ್ತಾ ಇಲ್ಲಿಗೆ ಬಂದಳು.

ಮರುವರ್ಷ ಸೆಪ್ಟೆಂಬರಿನ ಕೊನೆಯ ಭಾನುವಾರ ಗಾಡಿಗಳು ಮತ್ತೆ ಹೊರಡಬೇಕಿತ್ತು. ಆ ವಾರವೇ ಊರಿನ ಕುದುರೆಗಳನ್ನೆಲ್ಲ ಸೈನ್ಯಕ್ಕೆ ಹಿಡಿದುಕೊಂಡು ಹೋದರು. ಕುದುರೆ ವಾಪಸು ಬರುವ ಮೊದಲು ಹೊಸ ಗಡಿ ಬಂತು. ದೂರದಲ್ಲಿ ಯಾರೋ ನಕ್ಷೆಯ ಮೇಲೆ ಎಳೆದ ಗೆರೆ ಜಿಲ್ಲೆಯನ್ನು ಸೀಳಿ, ನಮ್ಮೂರನ್ನು ಜರ್ಮನಿಗೆ ಹಾಕಿ, ಓಲ್ಶಿನ್ಕಾವನ್ನು ಆಚೆ ಬಿಟ್ಟಿತು. ದಿಣ್ಣೆಯ ಕೆಳಗೆ ದಾರಿ ತಡೆಯುವ ಅಡ್ಡಗಂಬ ನೆಟ್ಟು ಕಾವಲು ಹಾಕಿದರು.

ಹೊಸ ಗುಮಾಸ್ತ ಮನೆಮನೆ ಎಣಿಸಲು ಬಂದಾಗ ಲೋಯಿಸಿ ಕೊಟ್ಟಿಗೆಯಲ್ಲಿದ್ದಳು. ಬಾಗಿಲು ತೆಗೆದ ವ್ಲಾಸ್ತಾ ನಮ್ಮ ಕೇರಿಯ ಹುಡುಗಿಯರಂತೆಯೇ ಜರ್ಮನ್ ಮಾತಾಡಿದಳು. ಒಂದು ವರ್ಷದಲ್ಲಿ ಕಲಿಯಲೆಂದೇ ತಾನೆ ಬಂದಿದ್ದು? ಗುಮಾಸ್ತ ಬರೆದುಕೊಂಡ: ಮಗಳು ಒಬ್ಬಳು, ಎರ್ನಾ, ವಯಸ್ಸು ಹನ್ನೊಂದು. ಪಕ್ಕದಲ್ಲೇ ನಿಂತಿದ್ದ ಫ್ಲೋರಿಯಾನ್ ತಿದ್ದಲಿಲ್ಲ.

ಮರುದಿನ ಲೋಯಿಸಿ ಕಚೇರಿಗೆ ಹೋಗಿ, ಮಗಳನ್ನು ಕರೆತರಲು ಅನುಮತಿ ಕೇಳಿದಳು.

"ನಿನ್ನ ಮಗಳು ಮನೇಲೇ ಇದಾಳಲ್ಲಮ್ಮ. ಇಲ್ಲಿ ಬರ್ದಿದೆ ನೋಡು," ಎಂದ ಗುಮಾಸ್ತ.

"ಅವಳು ನನ್ನ ಮಗಳಲ್ಲ ಸ್ವಾಮಿ."

"ಮತ್ಯಾರು? ಆಚೆಯವಳನ್ನ ಬಚ್ಚಿಟ್ಕೊಂಡಿದೀಯಾ?"

ಲೋಯಿಸಿ ಅಲ್ಲಿಂದಲೇ ತಿರುಗಿ ಮನೆಗೆ ಬಂದಳು. ಅಷ್ಟರಲ್ಲಿ ಅಪೊಲೇನಾಳ ಗಂಡನಿಂದ, ಎರಡೂ ಕಡೆ ಓಡಾಡಿ ಹೆಬ್ಬಾತಿನ ಗರಿ ಕೊಳ್ಳುವ ಮುದುಕಿಯ ಬಾಯಲ್ಲಿ, ಸುದ್ದಿ ಬಂದಿತ್ತು: ನಮ್ಮವಳು ಮನೆ ಸೇರಿದ ದಿನ ನಿಮ್ಮವಳು ಹೊರಡುತ್ತಾಳೆ.

"ಕೇಳಿದ್ಯಾ? ಮೊದಲು ನಾವೇ ಕಳಿಸ್ಬೇಕಂತೆ," ಎಂದ ಫ್ಲೋರಿಯಾನ್. "ಮೊದಲು ಅವರು ಕಳಿಸ್ಲಿ. ಇದು ಕೈಲಿದ್ರೆ ತಾನೆ ಅದು ಬರೋದು?"

"'ಇದು' ಅಲ್ಲ, ವ್ಲಾಸ್ತಾ."

"ಹೆಸರು ನನಗೂ ಗೊತ್ತು ಕಣೇ."

"ಹಾಗಾದ್ರೆ ಅವಳ ಕಾಲುಚೀಲ ಎಷ್ಟುದ್ದ ಹೆಣೀಬೇಕು ಹೇಳು ನೋಡೋಣ. ಹೋಗ್ಲಿ, ನಿನ್ನ ಮಗಳದ್ದಾದ್ರೂ ಹೇಳು."

ಒಳಕೋಣೆಯಿಂದ ಅತ್ತೆಯ ದನಿ ಬಂತು: "ಅವಳ ಹತ್ರ ಏನು ವಾದ ಮಗಾ? ಆಚೆಯವರ ಗಂಜಿ ಒಂದು ವರ್ಷ ಕುಡಿದವಳು. ಹುಡುಗಿ ಹೋದ್ರೆ ಹೆಬ್ಬಾತು ಕಾಯೋರ್ಯಾರು, ನಾನಾ?"

"ನಿಮ್ಮನ್ನ ಮಗ್ಗುಲು ತಿರುಗಿಸೋಕೂ ಅವಳೇ ಕೈ ಕೊಡ್ತಾಳೆ ಅತ್ತೆ. ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ."

ಲಾಂಗರ್ ಮನೆಯ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲ ಅಡ್ಡಗಂಬದಾಚೆ ಉಳಿದಿತ್ತು. ಅಂಥ ಹೊಲದವರಿಗೆ ಗೆಡ್ಡೆ ಕೀಳುವ ಪಾಸು ಕೊಟ್ಟಿದ್ದರು. ಇವರದು ಒಬ್ಬ ಹೆಂಗಸಿಗೆ, ಒಬ್ಬ ಮಗಳಿಗೆ. ಗುರುವಾರ ಕೊನೆಯ ದಿನ, ಸಂಜೆ ನಾಲ್ಕರವರೆಗೆ. ಲೋಯಿಸಿ ಗರಿ ಮುದುಕಿಯ ಕೈಗೆ ಎರಡು ಗಸಗಸೆ ಬನ್ನಿಟ್ಟು ಗುಟ್ಟಾಗಿ ಹೇಳಿದಳು: "ಗಂಡನಿಗಲ್ಲ, ಅಪೊಲೇನಾಗೇ ಹೇಳು. ಗುರುವಾರ ಹೊಲದಲ್ಲಿರ್ತೀನಿ, ಅವಳ ಮಗಳ ಜೊತೆ. ನನ್ನ ಮಗಳನ್ನ ಕರ್ಕೊಂಡು ಬಾ ಅಂತ."

ಮುದುಕಿ ಮತ್ತೆ ಈ ಕಡೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಲೋಯಿಸಿ ವ್ಲಾಸ್ತಾಳ ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆದಳು. ಸಂಚು ಊಹಿಸಿದ ಫ್ಲೋರಿಯಾನ್ ಬಾಗಿಲಲ್ಲಿ ನಿಂತು ಹೇಳಿದ: "ಅಪೊಲೇನಾ ಎರ್ನಾನ ತಂದ್ರೆ ಬದಲಿ ಮಾಡ್ಕೋ. ತರ್ಲಿಲ್ವಾ, ಇವಳ ಕೈ ಬಿಡ್ಬೇಡ. ಇವಳೂ ಹೋದ್ರೆ ಎರ್ನಾನ ಮರೆತುಬಿಡು."

ಅಡ್ಡಗಂಬದ ಕಾವಲಿನವನು ಪಾಸು ತಿರುವಿ ನೋಡಿದ. "ಹೆಸರೇನಮ್ಮ ಪುಟ್ಟಿ?"

"ಎರ್ನಾ ಲಾಂಗರ್," ಎಂದಳು ವ್ಲಾಸ್ತಾ, ಕಣ್ಣು ಮಿಟುಕಿಸದೆ.

"ಇಬ್ಬರು ಹೋಗ್ತಿದೀರಿ. ಇಬ್ಬರು ಬರ್ಬೇಕು," ಎಂದ ಅವನು ಲೋಯಿಸಿಗೆ. ಹಿಂದಿನ ವಾರ ಮಗನನ್ನು ಆಚೆ ಬಿಟ್ಟು ಒಬ್ಬಳೇ ಬಂದ ವಿಧವೆಯನ್ನು ಪಟ್ಟಣಕ್ಕೆ ಹಿಡಿದುಕೊಂಡು ಹೋಗಿದ್ದರು. ಅವಳ ಮನೆಯ ಒಲೆ ಇನ್ನೂ ಹೊತ್ತಿರಲಿಲ್ಲ.

ಲೋಯಿಸಿ ಗುದ್ದಲಿಯಿಂದ ಗೆಡ್ಡೆ ಎಬ್ಬಿಸಿದಳು, ವ್ಲಾಸ್ತಾ ಸೊಪ್ಪು ಕತ್ತರಿಸಿ ರಾಶಿ ಹಾಕಿದಳು. ಓಲ್ಶಿನ್ಕಾದ ಚರ್ಚಿನ ಗೋಪುರ ಹೊಲದ ಆ ತುದಿಯಿಂದ ಅರ್ಧ ಗಂಟೆಯ ದಾರಿ. ಪ್ರತಿ ಸಾಲಿನ ಕೊನೆಗೆ ಲೋಯಿಸಿ ಬೆನ್ನು ನೆಟ್ಟಗೆ ಮಾಡಿ ಆ ಕಡೆ ನೋಡಿದಳು. ಮಧ್ಯಾಹ್ನದ ಗಂಟೆ ಬಡಿಯಿತು. ದಾರಿ ಖಾಲಿ. ತಣ್ಣನೆಯ ಆಲೂಗೆಡ್ಡೆ, ಬ್ರೆಡ್ಡು ತಿಂದರು.

"ಎರ್ನಾ ನಿದ್ದೇಲಿ ಒದೀತಾಳಂತಲ್ಲ, ಅಲ್ಲಿ ನನ್ನ ಹೊದಿಕೆ ಹರಿದಿರ್ತಾಳೆ," ಎಂದಳು ವ್ಲಾಸ್ತಾ. ಲೋಯಿಸಿ ನಗಲಿಲ್ಲ.

"ಚಿಕ್ಕಮ್ಮ, ಅಮ್ಮ ಬರ್ತಾಳಾ?"

"ಕೈ ಆಡಿಸು. ಚಳಿ ಹಿಡಿಯುತ್ತೆ."

ಮೂರರ ಗಂಟೆಯೂ ಬಡಿಯಿತು. ವ್ಲಾಸ್ತಾ ಕತ್ತಿ ಕೆಳಗಿಟ್ಟಳು. "ನಂಗೆ ಎರ್ನಾ ಆಗಿ ಆಗಿ ಸಾಕಾಯ್ತು ಚಿಕ್ಕಮ್ಮ. ಇಲ್ಲಿ ನಾನೇ ಎರ್ನಾ ಆಗಿದ್ರೆ, ಎರ್ನಾ ಬಂದಾಗ ಅವಳು ಯಾರಾಗ್ತಾಳೆ?"

ಲೋಯಿಸಿ ಕೆಲಸ ನಿಲ್ಲಿಸಿದಳು. ಗುದ್ದಲಿ ಊರಿ ನಿಂತಳು. ಅಪೊಲೇನಾಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ. ಮುಟ್ಟಿದ್ದರೂ ಗಂಡ ಬಾಗಿಲಲ್ಲಿ ನಿಂತಿದ್ದಾನೋ, ಅಥವಾ ಅವಳಿಗೇ ಮನಸ್ಸಿಲ್ಲವೋ. ಅವಳ ಹಾಸಿಗೆಯ ತಗ್ಗು ಗೊತ್ತು, ಅವಳ ಮನೆಯ ಬಾವಿಯ ಹಗ್ಗ ಅಂಗೈಗೆ ಗೊತ್ತು. ಅವಳು ಮಾತ್ರ ಗೊತ್ತಿಲ್ಲ. ಹುಡುಗಿಯನ್ನು ಕೈಯಲ್ಲಿಟ್ಟುಕೊಂಡರೆ ಗಂಡನ ಲೆಕ್ಕ ಸರಿ, ಪಾಸಿನ ಲೆಕ್ಕ ಸರಿ, ಕಚೇರಿಯ ಲೆಕ್ಕ ಸರಿ. ಎರ್ನಾ ಯಾವ ಲೆಕ್ಕದಲ್ಲೂ ಇಲ್ಲ. ಹುಡುಗಿಯನ್ನು ಬಿಟ್ಟರೆ ಕೈಯಲ್ಲಿ ಏನೂ ಇಲ್ಲ.

ಅಡ್ಡಗಂಬದ ಹತ್ತಿರ ಕಾವಲಿನವನು ಆಚೆ ತಿರುಗಿ ಸಿಗರೇಟು ಹಚ್ಚುತ್ತಿದ್ದ.

ಲೋಯಿಸಿ ತನ್ನ ತಲೆವಸ್ತ್ರ ಬಿಚ್ಚಿ ಹುಡುಗಿಯ ಎದೆಗೆ ಅಡ್ಡ ಸುತ್ತಿ ಬೆನ್ನಿಗೆ ಗಂಟು ಹಾಕಿದಳು. ಉಳಿದ ಬ್ರೆಡ್ಡನ್ನು ಅವಳ ಜೇಬಿಗೆ ತುರುಕಿದಳು.

"ಸಾಲು ಹಿಡಿದು ನೆಟ್ಟಗೆ ಗೋಪುರದ ಕಡೆ ಹೋಗು. ಹಿಂದೆ ತಿರುಗಬೇಡ, ಓಡಬೇಡ."

"ನಾನೊಬ್ಬಳೇನಾ? ಎರ್ನಾ ಬರೋಕ್ಕೆ ಮೊದಲೇನಾ?"

"ಮೊದಲೇ."

"ಅಮ್ಮನಿಗೆ ಏನು ಹೇಳ್ಲಿ?"

ಲೋಯಿಸಿ ತಲೆವಸ್ತ್ರದ ಗಂಟನ್ನು ಮತ್ತೊಮ್ಮೆ ಬಿಗಿದಳು. "ಎರ್ನಾಗೆ ಎರಡು ಜೊತೆ ಕಾಲುಚೀಲ ಹಾಕಿ ಕಳಿಸು ಅನ್ನು. ದಾರಿ ಕೆಸರಾಗಿದೆ."

ಹುಡುಗಿ ಹೊಲದ ಅಂಚು ದಾಟಿ ಚಿಕ್ಕದಾಗುವವರೆಗೂ ನಿಂತು ನೋಡಿದಳು. ಆಮೇಲೆ ಕತ್ತಿ, ಗುದ್ದಲಿ ಎರಡನ್ನೂ ಹೆಗಲಿಗೇರಿಸಿಕೊಂಡು, ಬರಿ ತಲೆಯಲ್ಲಿ, ಅಡ್ಡಗಂಬದ ಕಡೆ ಒಬ್ಬಳೇ ನಡೆದಳು.